ನೂರು ಮೀಟರ್ ಎಂದರೆ ಎಲ್ಲಿಂದ?

ತುಮಕೂರು ಕಡೆಯ ಒಂದು ಕೆರೆಯ ಏರಿಯ ಮೇಲೆ ನಾವಿಬ್ಬರು ನಿಂತಿದ್ದೆವು. ಕೆರೆಯಲ್ಲಿ ಹೂಳು ಎಷ್ಟಿದೆ ಎಂದು ಲೆಕ್ಕ ಹಾಕಲು ಸರ್ವೆಯರ್ ಗೆಳೆಯರೊಬ್ಬರು ಡ್ರೋನ್ ತಂದಿದ್ದರು. ಅವರು ಎರಡನೆಯ ಬ್ಯಾಟರಿ ಜೋಡಿಸಿಕೊಳ್ಳುತ್ತಿದ್ದಾಗ ಹಾರಿಸುವ ಸರದಿ ನನ್ನದಾಗಿತ್ತು. ಕೆರೆಯ ಮಗ್ಗುಲಿಗೇ ಒಂದು ಬಂಡೆಗುಡ್ಡ. ಅದರ ಆಚೆಯಿಂದ ಬರುವ ಹಳ್ಳವನ್ನೂ ಒಮ್ಮೆ ನೋಡೋಣವೆಂದು ಡ್ರೋನನ್ನು ತಗ್ಗಿನಲ್ಲಿಯೇ ಗುಡ್ಡದ ಹಿಂದಕ್ಕೆ ತಿರುಗಿಸಿದೆ. ಅದು ಕಣ್ಣಿಗೆ ಮರೆಯಾಯಿತು. ಮರುಕ್ಷಣ ಪರದೆಯೂ ಮಂಕಾಯಿತು.

ಸಂಪರ್ಕ ಕಡಿದರೆ ಡ್ರೋನ್ ತಾನಾಗಿ ಮೇಲೇರಿ, ಹೊರಟ ಜಾಗಕ್ಕೆ ನೇರ ಗೆರೆಯಲ್ಲಿ ಮರಳುತ್ತದೆ. ಹಾಗೆ ಮರಳುವ ಎತ್ತರವನ್ನು ನಾವೇ ಮೊದಲು ನಮೂದಿಸಿರಬೇಕು. ನಮ್ಮದರಲ್ಲಿ ಹಿಂದಿನ ವಾರ ಬಯಲು ಹೊಲವೊಂದಕ್ಕೆ ಕೊಟ್ಟಿದ್ದ 60 ಮೀಟರ್ ಹಾಗೇ ಉಳಿದಿತ್ತು. ಗುಡ್ಡದ ನೆತ್ತಿಯೂ ಏರಿಯಿಂದ ಸುಮಾರು ಅಷ್ಟೇ ಎತ್ತರ. ಚಿತ್ರ ಮತ್ತೆ ಮೂಡಿದಾಗ ಪರದೆಯ ತುಂಬ ಬಂಡೆ, ಅದರ ಬಿರುಕಿನಲ್ಲಿ ಬೆಳೆದ ಒಂದು ಕಳ್ಳಿ. ಗೆಳೆಯರು ನನ್ನ ಕೈಯಿಂದ ಯಂತ್ರ ಕಿತ್ತುಕೊಂಡು ನಿಲ್ಲಿಸುವ ಗುಂಡಿ ಒತ್ತಿ, ಡ್ರೋನನ್ನು ಮೇಲಕ್ಕೆತ್ತಿದರು. ಆಗಲೂ ಪರದೆಯ ಮೂಲೆಯಲ್ಲಿ ಅಂಕಿ ಶಾಂತವಾಗಿ ಹೇಳುತ್ತಿತ್ತು: ಎತ್ತರ 60 ಮೀಟರ್.

ಅಂಕಿ ಸುಳ್ಳು ಹೇಳಿರಲಿಲ್ಲ. ಎಲ್ಲಿಂದ ಅರವತ್ತು ಎಂದು ನಾನು ಕೇಳಿರಲಿಲ್ಲ.

ಸಾಮಾನ್ಯ ಕ್ಯಾಮೆರಾ ಡ್ರೋನ್ ತನ್ನ ಎತ್ತರವನ್ನು ಮುಖ್ಯವಾಗಿ ಗಾಳಿಯ ಒತ್ತಡದಿಂದ ತಿಳಿಯುತ್ತದೆ. ಅದರ ಹೊಟ್ಟೆಯೊಳಗೆ ಕಡಲೆಬೇಳೆಗಿಂತ ಚಿಕ್ಕದಾದ ಒತ್ತಡಮಾಪಕವಿರುತ್ತದೆ. ಬಯಲುಸೀಮೆಯ ಎತ್ತರದಲ್ಲಿ ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿಯಿತೆಂದರೆ ಸುಮಾರು 9 ಮೀಟರ್ ಮೇಲೇರಿದಂತೆ. ಹೊರಡುವ ಕ್ಷಣದ ಒತ್ತಡವನ್ನೇ ಸೊನ್ನೆ ಎಂದು ಇಟ್ಟುಕೊಂಡು ಅದು ಲೆಕ್ಕ ಶುರುಮಾಡುತ್ತದೆ. ಹಾಗಾಗಿ ಪರದೆಯ ಅಂಕಿ ಹೇಳುವುದು ನೆಲ ಬಿಟ್ಟ ಜಾಗಕ್ಕಿಂತ ಎಷ್ಟು ಮೇಲಿದ್ದೇನೆ ಎಂಬುದನ್ನು ಮಾತ್ರ. ಈಗ ಕೆಳಗೆ ಗದ್ದೆ ಇದೆಯೋ ಗುಡ್ಡ ಇದೆಯೋ ಅದಕ್ಕೆ ತಿಳಿಯದು. ಬೆಟ್ಟದ ತುದಿಯಿಂದ ಹಾರಿಸಿ ಕಣಿವೆಗೆ ಇಳಿಸಿದರೆ ಅಂಕಿ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಕೆಳಮುಖದ ಸಂವೇದಕಗಳು ಇರುತ್ತವೆ ನಿಜ, ಆದರೆ ಅವು ಇಳಿಯುವ ಹೊತ್ತಿಗೆ, ನೆಲ ಹತ್ತಿರವಾದಾಗ, ಉಪಯೋಗಕ್ಕೆ ಬರುವಂಥವು.

ಬರೀ ಮದುವೆ ಮನೆಯ ಚಿತ್ರ ತೆಗೆಯುವವರಿಗೆ ಈ ಗೊಂದಲದಿಂದ ಹೆಚ್ಚಿನ ನಷ್ಟವಿಲ್ಲ. ನಕ್ಷೆ ಮಾಡುವವರಿಗೆ ಇದೇ ಎಲ್ಲದರ ಬುಡ.

ಲೆಕ್ಕ ಹೀಗೆ. ಒಂದು ಇಂಚಿನ ಸಂವೇದಕ, 8.8 ಮಿಲಿಮೀಟರ್ ನಾಭಿದೂರದ ಮಸೂರ, 20 ಮೆಗಾಪಿಕ್ಸೆಲ್ ಚಿತ್ರ: ನಕ್ಷೆಯ ಕೆಲಸದಲ್ಲಿ ಬಹಳ ಬಳಕೆಯಲ್ಲಿರುವ ಕ್ಯಾಮೆರಾ ಇದು. ನೆಲದಿಂದ ನೂರು ಮೀಟರ್ ಮೇಲೆ ಅದರ ಒಂದೊಂದು ಪಿಕ್ಸೆಲ್ಲೂ ನೆಲದ ಮೇಲಿನ ಸುಮಾರು 2.7 ಸೆಂಟಿಮೀಟರ್ ಚೌಕವನ್ನು ಹಿಡಿಯುತ್ತದೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ 33 ಅಡಿ ಚಚ್ಚೌಕದ ಒಂದು ಗುಂಟೆಗೆ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಚುಕ್ಕೆಗಳು. ಗುಂಟೆಯ ಹದಿನಾರನೆಯ ಒಂದು ಪಾಲಾದ ಆಣೆಗೂ ಎಂಟು ಸಾವಿರ ಚುಕ್ಕೆ ಸಿಗುತ್ತವೆ; ಆಣೆ ಲೆಕ್ಕಕ್ಕೆ ಅಣ್ಣ ತಮ್ಮಂದಿರು ಕೋರ್ಟಿಗೆ ಹೋಗುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಒಂದು ಚಿತ್ರ ನೆಲದ ಮೇಲೆ 150 ಮೀಟರ್ ಅಗಲ, 100 ಮೀಟರ್ ಉದ್ದವನ್ನು ಆವರಿಸುತ್ತದೆ. ಹಾಗೆಂದು ನೂರು ಮೀಟರಿಗೊಂದು ಚಿತ್ರ ತೆಗೆದು ಅಂಚಿಗೆ ಅಂಚು ಅಂಟಿಸಿದರೆ ನಕ್ಷೆಯಾಗುವುದಿಲ್ಲ. ಬಸ್ಸಿನ ಕಿಟಕಿಯಿಂದ ನೋಡುವಾಗ ಹತ್ತಿರದ ಬೇಲಿ ರಭಸದಿಂದ ಹಿಂದೋಡುತ್ತದೆ, ದೂರದ ಬೆಟ್ಟ ನಮ್ಮ ಜೊತೆಗೇ ಬರುತ್ತದೆ. ಈ ಓಟದ ವ್ಯತ್ಯಾಸದಿಂದಲೇ ಕಂಪ್ಯೂಟರ್ ಯಾವುದು ಎತ್ತರ, ಯಾವುದು ತಗ್ಗು ಎಂದು ಲೆಕ್ಕ ಹಾಕುವುದು. ಅದಕ್ಕಾಗಿ ನೆಲದ ಒಂದೊಂದು ಕಲ್ಲೂ ಬೇರೆ ಬೇರೆ ಜಾಗದಿಂದ ತೆಗೆದ ಹಲವು ಚಿತ್ರಗಳಲ್ಲಿ ಕಾಣಬೇಕು. ವಾಡಿಕೆಯಲ್ಲಿ ಮುಂದಿನ ಚಿತ್ರ ಹಿಂದಿನದರ 80 ಪ್ರತಿಶತವನ್ನು, ಪಕ್ಕದ ಸಾಲು 70 ಪ್ರತಿಶತವನ್ನು ಮತ್ತೆ ಒಳಗೊಳ್ಳುವಂತೆ ಯೋಜಿಸುತ್ತಾರೆ. ನೂರು ಮೀಟರ್ ಎತ್ತರದಲ್ಲಿ ಇದರ ಅರ್ಥ 20 ಮೀಟರಿಗೊಂದು ಚಿತ್ರ, 45 ಮೀಟರಿಗೊಂದು ಸಾಲು. ಡ್ರೋನ್ ಹೊಲ ಉಳುವ ಎತ್ತಿನ ಹಾಗೆ ಸಾಲು ಹಿಡಿದು ಹೋಗಿ, ತಿರುಗಿ, ಪಕ್ಕದ ಸಾಲಿನಲ್ಲಿ ಬರುತ್ತದೆ.

ಈಗ ಅದೇ ಗುಡ್ಡವನ್ನು ಇದರೊಳಗೆ ಇಟ್ಟು ನೋಡಿ. ಏರಿಯಿಂದ ನೂರು ಮೀಟರ್ ಎಂದು ಯೋಜಿಸಿದ ಹಾರಾಟ 60 ಮೀಟರಿನ ನೆತ್ತಿಯ ಮೇಲೆ ಬಂದಾಗ ಉಳಿಯುವುದು 40 ಮೀಟರ್ ಮಾತ್ರ. ಅಲ್ಲಿ ಚಿತ್ರದ ವ್ಯಾಪ್ತಿ 60 ಮತ್ತು 40 ಮೀಟರಿಗೆ ಕುಗ್ಗುತ್ತದೆ. ಡ್ರೋನ್ ಮಾತ್ರ ಹಳೆಯ ಲೆಕ್ಕದಂತೆಯೇ 20 ಮೀಟರಿಗೊಂದು ಚಿತ್ರ ತೆಗೆಯುತ್ತ, 45 ಮೀಟರ್ ಅಂತರದಲ್ಲಿ ಸಾಲು ಹಿಡಿಯುತ್ತ ಸಾಗುತ್ತದೆ. 80 ಪ್ರತಿಶತವಿದ್ದ ಅತಿವ್ಯಾಪ್ತಿ 50ಕ್ಕೆ ಇಳಿಯಿತು. 70 ಇದ್ದದ್ದು 25ಕ್ಕೆ. ಸಂಜೆ ಕಂಪ್ಯೂಟರ್ ಮುಂದೆ ಕೂತಾಗ ಕೆರೆಯಂಗಳ ಕನ್ನಡಿಯಂತೆ ಮೂಡಿಬರುತ್ತದೆ, ಗುಡ್ಡದ ನೆತ್ತಿ ಮಾತ್ರ ಇಲಿ ಕಡಿದ ಕಾಗದದಂತಿರುತ್ತದೆ. ಡ್ರೋನ್ ಬಂಡೆಗೆ ಬಡಿಯುವ ಅಪಾಯ ಎಲ್ಲಿತ್ತೋ ನಕ್ಷೆ ಹರಿದದ್ದೂ ಅಲ್ಲಿಯೇ.

ಹಾಗಾದರೆ ಗುಡ್ಡದ ಮೇಲಿಂದಲೇ ಹಾರಿಸೋಣ ಎನ್ನಬಹುದು. ನಾವೂ ಹಾಗೆಂದೇ ಯೋಚಿಸಿದೆವು. ಆಗ ಕೆರೆಯಂಗಳದ ಮೇಲೆ ಡ್ರೋನ್ 160 ಮೀಟರ್ ಎತ್ತರದಲ್ಲಿರುತ್ತದೆ. ಪಿಕ್ಸೆಲ್ 2.7ರಿಂದ 4.4 ಸೆಂಟಿಮೀಟರಿಗೆ ಒರಟಾಗುತ್ತದೆ, ಜೊತೆಗೆ ಕಾನೂನೂ ಮುರಿಯುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ಅನುಮತಿ ಕೇಳದೆ ಹಾರಬಹುದಾದ ಮಿತಿ 400 ಅಡಿ, ಅಂದರೆ 120 ಮೀಟರ್. ಅದನ್ನು ಅಳೆಯಬೇಕಾದದ್ದು ಡ್ರೋನಿನ ಕೆಳಗಿನ ನೆಲದಿಂದ, ನಾವು ನಿಂತ ಬಂಡೆಯಿಂದಲ್ಲ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ಒಳಗೆ ಈ ಮಿತಿ 200 ಅಡಿಗೆ ಇಳಿಯುತ್ತದೆ. 5ರಿಂದ 8 ಕಿಲೋಮೀಟರ್ ನಡುವೆ ನೆಲ ಬಿಡುವುದಕ್ಕೇ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು ಇಷ್ಟನ್ನೂ ಮಡಿಲಲ್ಲಿ ಇಟ್ಟುಕೊಂಡ ಬೆಂಗಳೂರಿನಲ್ಲಿ ಮನೆಯ ತಾರಸಿಯಿಂದ ಡ್ರೋನ್ ಎಬ್ಬಿಸುವ ಮೊದಲು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ವಲಯ ನಕ್ಷೆ ನೋಡದವರ ಧೈರ್ಯಕ್ಕೆ ಬೇರೆ ಹೆಸರಿದೆ. ವಲಯಗಳು ಬದಲಾಗುತ್ತಿರುತ್ತವೆ, ಹಾರಿಸುವ ದಿನ ಬೆಳಿಗ್ಗೆಯೇ ನೋಡಬೇಕು. 250 ಗ್ರಾಂ ಮೀರಿದ ಡ್ರೋನಿಗೆ ಗುರುತಿನ ಸಂಖ್ಯೆ ಬೇಕು, ಅದರಿಂದ ಸಂಪಾದನೆಗೆ ನಕ್ಷೆ ಮಾಡುವವರಿಗೆ ಪೈಲಟ್ ಪ್ರಮಾಣಪತ್ರವೂ ಬೇಕು.

ಸರಿಯಾದ ದಾರಿ ನೆಲದ ಏರಿಳಿತಕ್ಕೆ ತಕ್ಕಂತೆ ಡ್ರೋನನ್ನೂ ಏರಿಳಿಸುವುದು. ಯೋಜನೆ ಮಾಡುವ ತಂತ್ರಾಂಶಕ್ಕೆ ಆ ಪ್ರದೇಶದ ಎತ್ತರದ ದತ್ತಾಂಶ ಕೊಟ್ಟರೆ ಅದು ಪ್ರತಿ ಸಾಲಿಗೂ ಎತ್ತರ ಹೊಂದಿಸುತ್ತದೆ. ಆದರೆ ಉಪಗ್ರಹಗಳಿಂದ ಬಂದ ಆ ದತ್ತಾಂಶ ಸಾಮಾನ್ಯವಾಗಿ 30 ಮೀಟರಿಗೊಂದು ಅಂಕಿಯನ್ನಷ್ಟೇ ಕೊಡುತ್ತದೆ. ಮೊಬೈಲ್ ಗೋಪುರವಾಗಲಿ, ಒಂಟಿ ಬಂಡೆಯಾಗಲಿ ಅದರಲ್ಲಿ ಇರುವುದಿಲ್ಲ. ವಿದ್ಯುತ್ ತಂತಿಯಂತೂ ಕ್ಯಾಮೆರಾದಲ್ಲಿಯೂ ಕಾಣುವುದಿಲ್ಲ. ಕಂಬ ಎಲ್ಲಿದೆ ಎಂದು ನೋಡಿ ತಂತಿಯನ್ನು ಊಹಿಸಬೇಕು. ಆದ್ದರಿಂದ ಹಾರಿಸುವ ಮೊದಲು ಜಾಗವನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬರುವುದೇ ಒಳ್ಳೆಯದು. ಗೆಳೆಯರು ಅದನ್ನು ಮಾಡಿದ್ದರು. ನಾನು ಮರದ ನೆರಳಲ್ಲಿ ಕುಳಿತು ಮಂಡಕ್ಕಿ ತಿನ್ನುತ್ತಿದ್ದೆ.

ಉಳಿದ ಸಿದ್ಧತೆಗಳನ್ನು ಬೇಗ ಹೇಳಿಬಿಡುತ್ತೇನೆ. ಜೀಪಿನ ಬಾನೆಟ್ ಮೇಲಿಂದ ಡ್ರೋನ್ ಎಬ್ಬಿಸುವ ಚಪಲ ಬಹಳ ಜನರಿಗಿದೆ; ಕಬ್ಬಿಣದ ಪಕ್ಕ ದಿಕ್ಸೂಚಿ ದಾರಿ ತಪ್ಪುತ್ತದೆ. ಕಬ್ಬಿಣದ ಸರಳು ತುಂಬಿದ ತಾರಸಿ, ತೂಬಿನ ಚಕ್ರದ ಹತ್ತಿರದ ಜಾಗ ಕೂಡ ಬೇಡ. ಊದಿದ ಬ್ಯಾಟರಿಯನ್ನು ಇದೊಂದು ಸಲ ಎಂದು ಹಾರಿಸಬಾರದು, ಮೂವತ್ತು ಪ್ರತಿಶತ ಉಳಿದಿರುವಾಗಲೇ ಇಳಿಸಬೇಕು. ಆಷಾಢದ ಗಾಳಿ ಗಾಳಿಪಟಕ್ಕೆ ಚೆಂದ, ಡ್ರೋನಿಗಲ್ಲ. ಹಾರಿಸಲೇಬೇಕಾದರೆ ಮೊದಲು ಗಾಳಿಗೆ ಎದುರಾಗಿ ಹೋಗಬೇಕು, ಆಗ ಬ್ಯಾಟರಿ ಬಸವಳಿದು ಮರಳುವಾಗ ಗಾಳಿ ಬೆನ್ನಿಗಿರುತ್ತದೆ. ಹದ್ದುಬಸ್ತಿನ ಅಳತೆಗೆ ಹೋದವರ ಡ್ರೋನನ್ನು ನಿಜವಾದ ಹದ್ದೇ ಅಟ್ಟಿಸಿಕೊಂಡು ಬಂದದ್ದನ್ನು ನೋಡಿದ್ದೇನೆ. ರಣಹದ್ದುಗಳು ಗೂಡು ಕಟ್ಟುವ ರಾಮನಗರದ ರಾಮದೇವರ ಬೆಟ್ಟದಂಥ ಜಾಗದಲ್ಲಿ ಅಪಾಯ ಡ್ರೋನಿಗಲ್ಲ, ಹಕ್ಕಿಗೆ. ಅಲ್ಲಿ ಹಾರಿಸದಿರುವುದೇ ಸರಿ.

ವೇಗದ ಬಗ್ಗೆ ಒಂದು ಮಾತು. ಸೆಕೆಂಡಿಗೆ 8 ಮೀಟರ್ ಸಾಗುವ ಡ್ರೋನಿನ ಕ್ಯಾಮೆರಾ ಸೆಕೆಂಡಿನ ಸಾವಿರದ ಒಂದು ಪಾಲು ಕಣ್ಣು ತೆರೆದರೆ ನೆಲ 8 ಮಿಲಿಮೀಟರ್ ಮಾತ್ರ ಜರುಗುತ್ತದೆ. ಮೋಡ ಕವಿದು ಇನ್ನೂರರ ಒಂದು ಪಾಲು ತೆರೆಯಬೇಕಾಗಿ ಬಂದರೆ 4 ಸೆಂಟಿಮೀಟರ್. ಒಂದು ಪಿಕ್ಸೆಲ್ಲಿಗಿಂತ ಹೆಚ್ಚು. ಆಮೇಲೆ ಎಷ್ಟು ಒಳ್ಳೆಯ ಕ್ಯಾಮೆರಾ ಇದ್ದರೂ ನಕ್ಷೆ ಮಸುಕೇ. ಇನ್ನು ನಿಂತ ನೀರು, ಗಾಳಿಗೆ ಓಲಾಡುವ ಅಡಿಕೆ, ತೆಂಗಿನ ಗರಿ ಇವು ಎರಡು ಚಿತ್ರಗಳಲ್ಲಿ ಒಂದೇ ಥರ ಕಾಣುವುದಿಲ್ಲವಾದ್ದರಿಂದ ಕಂಪ್ಯೂಟರಿಗೆ ಅವುಗಳ ಗುರುತೇ ಹತ್ತುವುದಿಲ್ಲ. ಕೆರೆ ಅಳೆಯಲು ಬೇಸಿಗೆಯನ್ನೇ ಆರಿಸಿಕೊಂಡದ್ದು ಅದಕ್ಕಾಗಿ.

ನಕ್ಷೆಯನ್ನು ನೆಲಕ್ಕೆ ತಾಳೆ ಹಾಕಲು ಇಡುವ ಗುರುತುಗಳಿಗೆ ಬಂದರೆ ಸುಣ್ಣಕ್ಕೆ ಮಿಗಿಲಾದದ್ದಿಲ್ಲ. ಹಳ್ಳಿಯ ಮನೆ ಜಾಗಗಳನ್ನು ಡ್ರೋನಿನಿಂದ ಅಳೆದು ದಾಖಲೆ ಕೊಡುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಆರಂಭವಾಯಿತು. ಅಲ್ಲಿಯೂ ಹಾರಾಟಕ್ಕೆ ಮೊದಲು ಜನ ತಮ್ಮ ಜಾಗದ ಎಲ್ಲೆಗೆ ಸುಣ್ಣದ ಪುಡಿಯ ಗೆರೆ ಎಳೆಯುತ್ತಾರೆ. ಮೇಲಿನಿಂದ ನೋಡಿದರೆ ಊರಿಗೆ ಊರೇ ರಂಗೋಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಮೊದಲ ಬಾರಿ ಆಸ್ತಿ ಪತ್ರ ಪಡೆದ 763 ಹಳ್ಳಿಗಳಲ್ಲಿ ಕರ್ನಾಟಕದವು ಎರಡಿದ್ದವು. ನಾವು ಕೆರೆಯಂಗಳದಲ್ಲಿ ಹಾಕಿದ್ದು ಒಂದು ಮೊಳ ಅಗಲದ ಸುಣ್ಣದ ಅಡ್ಡಗುರುತುಗಳು. ಒಂದೊಂದರ ನಡುವನ್ನೂ ಉಪಗ್ರಹಗಳ ಸಂಕೇತ ಹಿಡಿದು ಸೆಂಟಿಮೀಟರ್ ಮಟ್ಟದಲ್ಲಿ ಜಾಗ ತಿಳಿಸುವ ಗ್ರಾಹಕ ಯಂತ್ರದಿಂದ ಅಳೆದೆವು. ನಾಲ್ಕು ಮೂಲೆಗೆ, ನಡುವೆ, ಗುಡ್ಡದ ಮೇಲೆ ಕೂಡ ಒಂದು. ಇವಿಲ್ಲದೆ ಬರೀ ನೇರ ಕೆಳಗೆ ನೋಡುವ ಚಿತ್ರಗಳನ್ನೇ ನಂಬಿದರೆ ಮಸೂರದ ಸಣ್ಣ ವಕ್ರತೆ ಚಿತ್ರದಿಂದ ಚಿತ್ರಕ್ಕೆ ಕೂಡಿಕೊಳ್ಳುತ್ತ ಹೋಗಿ, ಸಮತಟ್ಟಾದ ನೆಲವೂ ಕವುಚಿಟ್ಟ ಬಾಣಲೆಯಂತೆ ಉಬ್ಬುತ್ತದೆ. ಹೂಳಿನ ಲೆಕ್ಕಕ್ಕೆ ಹೋದವರಿಗೆ ಕೆರೆಯ ನಡುವೆ ಇಲ್ಲದ ಗುಡ್ಡ ಸಿಕ್ಕಂತೆ. ಓರೆಯಾಗಿ ತೆಗೆದ ಒಂದಿಷ್ಟು ಚಿತ್ರಗಳನ್ನು ಸೇರಿಸಿದರೆ ಈ ಉಬ್ಬು ಬಹಳ ಮಟ್ಟಿಗೆ ಇಳಿಯುತ್ತದೆ.

ಆ ಗ್ರಾಹಕದ ತೆರೆಯ ಮೇಲೆ ಎತ್ತರದ ಅಂಕಿ ನೋಡಿ ನಾನು ಮತ್ತೆ ಬೆಚ್ಚಿದೆ. ಹಳೆಯ ಭೂಪಟದಲ್ಲಿ ಆ ಜಾಗಕ್ಕೆ ಇದ್ದ ಎತ್ತರಕ್ಕಿಂತ ಎಂಬತ್ತಕ್ಕೂ ಹೆಚ್ಚು ಮೀಟರ್ ಕಡಿಮೆ! ಯಂತ್ರ ಕೆಟ್ಟಿರಲಿಲ್ಲ. ಉಪಗ್ರಹ ವ್ಯವಸ್ಥೆ ಎತ್ತರ ಅಳೆಯುವುದು ಸಮುದ್ರದಿಂದಲ್ಲ, ಭೂಮಿಯ ಆಕಾರಕ್ಕೆ ಹೊಂದಿಸಿದ ನುಣುಪಾದ ಗಣಿತದ ಗೋಳದಿಂದ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಳ. ನಿಜವಾದ ಸಮುದ್ರಮಟ್ಟ ಗುರುತ್ವದ ಮಾತು ಕೇಳುತ್ತದೆ, ಗಣಿತದ್ದಲ್ಲ. ಭಾರತದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕ್ಷೀಣವಾಗಿ, ಸಮುದ್ರದ ಮೈ ಆ ಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗೆ ಕುಸಿದಿದೆ. ಜಗತ್ತಿನಲ್ಲಿಯೇ ಅತಿ ಆಳದ ತಗ್ಗು ಅದು. ಅದರ ಇಳಿಜಾರು ಬೆಂಗಳೂರಿನ ಕೆಳಗೂ ಚಾಚಿಕೊಂಡಿದೆ, ಇಲ್ಲಿ ವ್ಯತ್ಯಾಸ ಸುಮಾರು 86 ಮೀಟರ್. ಸಮುದ್ರಮಟ್ಟದಿಂದ 920 ಮೀಟರ್ ಎತ್ತರದ ಜಾಗಕ್ಕೆ ಉಪಗ್ರಹ ಗ್ರಾಹಕ 834 ಎನ್ನುತ್ತದೆ. ಈ ತಗ್ಗು ಏಕೆ ಬಂತೆಂದು 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಂಪ್ಯೂಟರ್ ಮಾದರಿಗಳಿಂದ ವಿವರಿಸಿದರು. ಭಾರತ ಉತ್ತರಕ್ಕೆ ಸರಿಯುವಾಗ ಮುಚ್ಚಿಹೋದ ಟೆಥಿಸ್ ಸಾಗರದ ತಳ ಭೂಗರ್ಭಕ್ಕಿಳಿಯಿತು; ಅದರಿಂದ ಕದಡಿ ಆಫ್ರಿಕದ ಅಡಿಯಿಂದ ಮೇಲೆದ್ದ ಬಿಸಿಯಾದ, ಹಗುರವಾದ ದ್ರವ್ಯ ಇದಕ್ಕೆ ಕಾರಣ ಎಂಬುದು ಅವರ ವಿವರಣೆ. ಹೂಳು ಅಳೆಯಲು ಹೋದ ನಮ್ಮ ಅಂಕಿಯೊಳಗೆ ಕೋಟ್ಯಂತರ ವರ್ಷ ಹಿಂದಿನ ಸಾಗರವೊಂದು ಕೂತಿತ್ತು.

ಒಂದೇ ಕೆರೆಯೊಳಗಿನ ಲೆಕ್ಕಕ್ಕೆ ಇದರಿಂದ ಬಾಧಕವಿಲ್ಲ, ಎಲ್ಲ ಬಿಂದುಗಳೂ ಒಂದೇ ಸಮ ಕೆಳಗಿರುತ್ತವೆ. ಆದರೆ ಆ ನಕ್ಷೆಯನ್ನು ಕಾಲುವೆಯ ಹಳೆಯ ಮಟ್ಟದೊಂದಿಗೆ ಜೋಡಿಸಲು ಹೊರಟರೆ ಕಾಗದದ ಮೇಲೆ ನೀರು 86 ಮೀಟರ್ ಧುಮುಕುತ್ತದೆ. ತಿದ್ದುಪಡಿ ಸೇರಿಸುವುದು ತಂತ್ರಾಂಶದಲ್ಲಿ ಒಂದು ಆಯ್ಕೆ, ಗುರುತು ಹಾಕಲು ಮರೆಯಬಾರದು ಅಷ್ಟೇ.

ಕೆರೆಯನ್ನು ಎರಡು ದಿನ ಬಿಟ್ಟು ಮತ್ತೆ ಅಳೆದೆವು. ಹೊರಟ ಜಾಗಕ್ಕೆ ಮರಳುವ ಎತ್ತರ ಈ ಸಲ 90 ಮೀಟರ್, ನೆಲದ ಏರಿಳಿತ ಹಿಂಬಾಲಿಸುವ ಹಾರಾಟ, ಡ್ರೋನಿನ ಮೇಲೆ ಕಣ್ಣಿಡಲು ಗುಡ್ಡದ ಮೇಲೆ ನಾನು. ಸುಣ್ಣದ ಗುರುತುಗಳಲ್ಲಿ ಎರಡನ್ನು ಗೆಳೆಯರು ಬೇಕೆಂದೇ ಕಂಪ್ಯೂಟರಿಗೆ ಹೇಳದೆ ಬಚ್ಚಿಟ್ಟರು. ನಕ್ಷೆ ಸಿದ್ಧವಾದ ಮೇಲೆ ಆ ಎರಡರ ಎತ್ತರವನ್ನು ಅದರಿಂದಲೇ ಓದಿ, ನೆಲದಲ್ಲಿ ಅಳೆದದ್ದಕ್ಕೆ ತಾಳೆ ನೋಡಿದರು. ಒಂದರಲ್ಲಿ 3 ಸೆಂಟಿಮೀಟರ್, ಇನ್ನೊಂದರಲ್ಲಿ 5 ಸೆಂಟಿಮೀಟರ್ ವ್ಯತ್ಯಾಸ. ಆಮೇಲೆ ಕೋಡಿಯ ಕಲ್ಲಿನ ಮೇಲೆ ಡ್ರೋನ್ ಹೊರಟ ಜಾಗಕ್ಕೆ ಕೆಂಪು ಬಣ್ಣದಲ್ಲಿ ಒಂದು ವೃತ್ತ ಬರೆದು, ಪಕ್ಕದಲ್ಲಿ ಅದರ ಎತ್ತರ ನಮೂದಿಸಿದೆವು. ಮುಂದಿನ ಬೇಸಿಗೆಗೆ ಹೂಳು ಎಷ್ಟು ಹೆಚ್ಚಿತೆಂದು ನೋಡಲು ಮತ್ತೆ ಬರಬೇಕಿದೆ.