ಪದ ಪರಿಚಯ: ಫಿಫಾ ಮಾಸ್ಟರ್

ಆಟ ನಿಲ್ಲಿಸಿ ಆಡಳಿತಕ್ಕೆ ಬಂದ ಫುಟ್‌ಬಾಲ್ ಆಟಗಾರರ ಪರಿಚಯ ಓದುವಾಗ ‘ಫಿಫಾ ಮಾಸ್ಟರ್’ ಅನ್ನುವ ಮಾತು ಕಣ್ಣಿಗೆ ಬೀಳುತ್ತದೆ. ಪ್ರಶಸ್ತಿ ಇರಬೇಕು ಅಂತ ಅನ್ನಿಸಬಹುದು. ಆದರೆ ಇದೊಂದು ಸ್ನಾತಕೋತ್ತರ ಕೋರ್ಸ್. ಆಟವನ್ನು ನಡೆಸುವುದು ಹೇಗೆ ಅಂತ ಕಲಿಸುವ ಓದು.

ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಒಂದು ಅಂತರರಾಷ್ಟ್ರೀಯ ಕ್ರೀಡಾ ಅಧ್ಯಯನ ಕೇಂದ್ರವಿದೆ. 1995ರಲ್ಲಿ ಹುಟ್ಟಿದ ಈ ಕೇಂದ್ರವೇ 2000ದಲ್ಲಿ, ಜಗತ್ತಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಫಿಫಾ ಜೊತೆ ಸೇರಿ ಕೋರ್ಸ್ ಶುರು ಮಾಡಿತು. ವಿದ್ಯಾರ್ಥಿಗಳು ಒಂದೇ ಓದಿನ ವರ್ಷದಲ್ಲಿ ಮೂರು ದೇಶ ಸುತ್ತುತ್ತಾರೆ. ಮೊದಲು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಟಗಳ ಇತಿಹಾಸ. ಆಮೇಲೆ ಇಟಲಿಯ ಮಿಲಾನ್‌ನಲ್ಲಿ ಹಣಕಾಸು, ಮ್ಯಾನೇಜ್‌ಮೆಂಟ್. ಕೊನೆಗೆ ನ್ಯೂಶಾಟೆಲ್‌ನಲ್ಲಿ ಕಾನೂನು. ಇತಿಹಾಸವನ್ನು ಮೊದಲಿಗಿಟ್ಟಿರುವುದು ನನಗೆ ತುಂಬಾ ಹಿಡಿಸಿದ ವಿಷಯ. ಒಂದು ಕ್ಲಬ್ಬು ಆ ಊರಿನವರಿಗೆ ಏನು ಅಂತ ಗೊತ್ತಿಲ್ಲದವರು ಅದರ ಲೆಕ್ಕಪತ್ರ ನೋಡಿ ಏನು ತೀರ್ಮಾನ ಮಾಡಿಯಾರು?

ಈ ಕೋರ್ಸಿನಿಂದ ಏನಾಗಬಹುದು ಅಂತ ತಿಳಿಯಲು ಜಪಾನ್ ಫುಟ್‌ಬಾಲ್ ತಂಡದ ಮಾಜಿ ಕ್ಯಾಪ್ಟನ್ ತ್ಸುನೆಯಾಸು ಮಿಯಾಮೊಟೊ ಅವರ ದಾರಿ ನೋಡಬೇಕು. ಹುಟ್ಟಿದ್ದು 1977ರಲ್ಲಿ, ಒಸಾಕಾ ಪ್ರಾಂತ್ಯದಲ್ಲಿ. ಗಾಂಬಾ ಒಸಾಕಾ ಕ್ಲಬ್ಬಿಗೆ ಆಡುತ್ತಲೇ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪದವಿ ಮುಗಿಸಿದರು. ಎದುರಾಳಿಯ ದಾಳಿ ತಡೆಯುವ ಡಿಫೆಂಡರ್‌ಗಳ ಪೈಕಿ ಅವರು ಅಂಥ ಎತ್ತರದ ಆಳಲ್ಲ. ಎದುರಾಳಿಯ ಮುಂದಿನ ಹೆಜ್ಜೆ ಮೊದಲೇ ಊಹಿಸುವುದೇ ಅವರ ಬಲ. 2002ರ ವಿಶ್ವಕಪ್‌ಗೆ ಮುಂಚೆ ಮೂಗು ಮುರಿದುಕೊಂಡು, ಕಪ್ಪು ಮುಖಕವಚ ಹಾಕಿಕೊಂಡೇ ಆಡಿದ್ದು ಜಪಾನಿನಲ್ಲಿ ಮನೆಮಾತು.

ಆದರೆ ಆಡಳಿತಗಾರ ಮಿಯಾಮೊಟೊ ನನಗೆ ಮೊದಲು ಕಾಣುವುದು 2004ರ ಏಷ್ಯಾ ಕಪ್‌ನಲ್ಲಿ. ಚೀನಾದ ಚೊಂಗ್‌ಚಿಂಗ್‌ನಲ್ಲಿ ಜೋರ್ಡಾನ್ ವಿರುದ್ಧ ಕ್ವಾರ್ಟರ್ ಫೈನಲ್. 1-1 ಆಗಿ, ಎರಡೂ ಕಡೆಯವರು ಸರದಿಯಂತೆ ಗೋಲಿಗೆ ಒದ್ದು ಸೋಲುಗೆಲುವು ತೀರ್ಮಾನಿಸುವ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಜಪಾನಿನ ಮೊದಲ ಇಬ್ಬರೂ ಒದೆಯುವಾಗ ಊರಿದ ಕಾಲಿನ ಕೆಳಗೆ ನೆಲ ಜಾರಿತು. ಎರಡೂ ಚೆಂಡು ಗೋಲಿನ ಮೇಲಿಂದ ಹಾರಿಹೋದವು. ಕ್ಯಾಪ್ಟನ್ ಮಿಯಾಮೊಟೊ ಕೂಗಾಡಲಿಲ್ಲ. ಸೀದಾ ರೆಫರಿ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಮಾತಾಡಿದರು. ಈ ನೆಲದ ಮೇಲೆ ಸರಿಯಾಗಿ ಒದೆಯುವುದಕ್ಕೆ ಆಗುತ್ತಿಲ್ಲ, ಆ ಕಡೆಯ ಗೋಲಿಗೆ ಹೋಗೋಣ ಅನ್ನುವುದು ಅವರ ವಾದ. ರೆಫರಿ ಒಪ್ಪಿದರು! ಶೂಟೌಟ್ ಮಧ್ಯದಲ್ಲಿ ಗೋಲು ಬದಲಾಗುವುದು ತೀರಾ ಅಪರೂಪ. ಕೊನೆಗೆ ಗೋಲ್‌ಕೀಪರ್ ಕವಾಗುಚಿ ಅವರ ತಡೆಗಳು, ಮಿಯಾಮೊಟೊ ಅವರದೇ ಒಂದು ಗೋಲು ಸೇರಿ ಜಪಾನ್ 4-3ರಿಂದ ಗೆದ್ದಿತು. ಆಮೇಲೆ ಕಪ್ಪನ್ನೂ ಗೆದ್ದಿತು. ನಿಯಮ ಏನು ಹೇಳುತ್ತದೆ, ಯಾರ ಹತ್ತಿರ ಯಾವಾಗ ಹೇಗೆ ಮಾತಾಡಬೇಕು ಅನ್ನುವ ತಿಳಿವಳಿಕೆ ಆ ಹೊತ್ತಿಗೇ ಅವರಲ್ಲಿತ್ತು ಅಲ್ವಾ?

2011ರ ಋತು ಮುಗಿದ ಮೇಲೆ ಅವರು ಆಟಕ್ಕೆ ವಿದಾಯ ಹೇಳಿದರು. ಅಷ್ಟು ಹೆಸರಿದ್ದವರು ಸುಮ್ನೆ ಟಿವಿಯಲ್ಲಿ ಮಾತಾಡಿಕೊಂಡು ಇರಬಹುದಿತ್ತು. ಅವರು 35ನೇ ವಯಸ್ಸಿನಲ್ಲಿ, 2012ರಲ್ಲಿ, ಫಿಫಾ ಮಾಸ್ಟರ್ ತರಗತಿಗೆ ಹೋಗಿ ಕೂತರು. ಓದೆಲ್ಲ ಇಂಗ್ಲಿಷಿನಲ್ಲಿ.

ಕೋರ್ಸಿನ ಕೊನೆಗೆ ಗುಂಪಾಗಿ ಒಂದು ಪ್ರಾಜೆಕ್ಟ್ ಮಾಡಬೇಕು. ಮಿಯಾಮೊಟೊ ಗುಂಪು ಆರಿಸಿಕೊಂಡದ್ದು ಬೋಸ್ನಿಯಾ ಹೆರ್ಜೆಗೊವಿನಾವನ್ನು. 1990ರ ದಶಕದ ಯುದ್ಧದಲ್ಲಿ ಅಲ್ಲಿನ ಮೊಸ್ತಾರ್ ಊರು ಎರಡಾಗಿ ಸೀಳಿತ್ತು. ಒಂದು ಕಡೆ ಕ್ರೊವಾಟರು, ಇನ್ನೊಂದು ಕಡೆ ಬೋಸ್ನಿಯಾಕ್ ಮುಸ್ಲಿಮರು. ಎರಡೂ ಕಡೆಯ ಮಕ್ಕಳು ಒಂದೇ ತಂಡದಲ್ಲಿ ಆಡುವ ಅಕಾಡೆಮಿ ಕಟ್ಟಿದರೆ ಹೇಗೆ ಅನ್ನುವುದು ಅವರ ಪ್ರಶ್ನೆ. ಇಂಥ ವರದಿಗಳು ಜಾಸ್ತಿ ಅಂದರೆ ಲೈಬ್ರರಿ ಸೇರುತ್ತವೆ. ಇದು ಹಾಗಾಗಲಿಲ್ಲ. 2016ರಲ್ಲಿ ಮೊಸ್ತಾರ್‌ನಲ್ಲಿ ‘ಮಾಲಿ ಮೋಸ್ತ್’, ಅಂದರೆ ಪುಟ್ಟ ಸೇತುವೆ, ಅನ್ನುವ ಅಕಾಡೆಮಿ ನಿಜವಾಗಿಯೂ ಬಾಗಿಲು ತೆರೆಯಿತು. ಅವರ ಟ್ರೋಫಿಗಳಿಗಿಂತ ಇದರ ಬಗ್ಗೆಯೇ ನನಗೆ ಹೆಚ್ಚು ಗೌರವ.

ಡಿಗ್ರಿ ಸಿಕ್ಕ ಕೂಡಲೇ ಯಾರೂ ಕುರ್ಚಿ ಹಾಕಿ ಕರೆಯುವುದಿಲ್ಲ. ಮಿಯಾಮೊಟೊ ಮೊದಲು ಕೋಚ್ ಆದರು. 2018ರಲ್ಲಿ, ಕೆಳಗಿನ ಲೀಗಿಗೆ ಜಾರುವ ಭಯದಲ್ಲಿದ್ದ ಗಾಂಬಾ ಒಸಾಕಾವನ್ನು ಋತುವಿನ ಮಧ್ಯದಲ್ಲಿ ವಹಿಸಿಕೊಂಡು ಉಳಿಸಿದರು. 2020ರಲ್ಲಿ ತಂಡ ಎರಡನೇ ಸ್ಥಾನಕ್ಕೆ ಬಂತು. ಮರುವರ್ಷ ಸೋಲುಗಳು ಸಾಲುಗಟ್ಟಿ ಕೆಲಸ ಹೋಯಿತು. 2022ರಲ್ಲಿ ಜಪಾನ್ ಫುಟ್‌ಬಾಲ್ ಸಂಸ್ಥೆಯೊಳಕ್ಕೆ ಬಂದರು, 2024ರ ಮಾರ್ಚ್‌ನಲ್ಲಿ ಅದರ ಅಧ್ಯಕ್ಷರಾದರು. ವಿಶ್ವಕಪ್‌ನಲ್ಲಿ ಆಡಿದವರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಹೆಸರಲ್ಲಿ ಫಿಫಾ ಇದೆ ಅಂತ ಈ ಕೋರ್ಸಿಗೆ ಫುಟ್‌ಬಾಲ್ ಆಡಿದವರೇ ಬರಬೇಕು ಅಂತೇನಿಲ್ಲ. ದಕ್ಷಿಣ ಕೊರಿಯಾದ ಪಾರ್ಕ್ ಜಿ-ಸುಂಗ್ ಅವರಂಥ ಫುಟ್‌ಬಾಲ್ ತಾರೆ ಕೂಡ ಇಲ್ಲಿ ಓದಿದ್ದಾರೆ, ನಿಜ. ಆದರೆ ವಕೀಲರು, ಪತ್ರಕರ್ತರು, ಬೇರೆ ಆಟಗಳ ಸಂಘಟಕರೂ ಸೇರುತ್ತಾರೆ. ವರ್ಷಕ್ಕೆ ತೆಗೆದುಕೊಳ್ಳುವುದು ಸುಮಾರು 30 ಜನರನ್ನು ಮಾತ್ರ, ಅದೂ ಜಗತ್ತಿನ ಬೇರೆ ಬೇರೆ ದೇಶಗಳಿಂದ.