ನಡುಕಕ್ಕೆ ಬೀಟಾ ಬ್ಲಾಕರ್: ಪಾರ್ಕಿನ್ಸನ್ ಇದ್ದವರ ವಿಷಯದಲ್ಲಿ ಅನುಮಾನ ಯಾಕೆ?

ಪಾರ್ಕಿನ್ಸನ್ ಇರುವವರಿಗೆ ಕೈ ನಡುಕ ಅಂತ ಪ್ರೊಪ್ರನೊಲಾಲ್ ಅನ್ನೋ ಬೀಟಾ ಬ್ಲಾಕರ್ ಮಾತ್ರೆ ಕೊಡಬಹುದಾ? ಮೈಸೂರಿನಲ್ಲಿ ಫಾರ್ಮಸಿ ಓದುತ್ತಿರುವ ನಮ್ಮ ಗುಂಪಿನಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಎರಡು ಪಕ್ಷ ಆಗುತ್ತೆ. ಒಂದು ಪಕ್ಷ ‘ನಡುಕದ ಮಾತ್ರೆ ತಾನೇ, ಕೊಡಬಹುದು’ ಅನ್ನುತ್ತೆ. ಇನ್ನೊಂದು ‘ಆ ಮಾತ್ರೆಯಿಂದಲೇ ಪಾರ್ಕಿನ್ಸನ್ ಬರುತ್ತಂತೆ’ ಅನ್ನುತ್ತೆ. ಎರಡೂ ಅವಸರದ ಮಾತು. ಮಾತ್ರೆ ಶುರು ಮಾಡೋದು, ಬದಲಿಸೋದು ವೈದ್ಯರ ಕೆಲಸ. ಅವರು ಏನೇನು ನೋಡಿ ತೀರ್ಮಾನಿಸುತ್ತಾರೆ ಅನ್ನೋದು ನಮಗೆ ಗೊತ್ತಿರಬೇಕು.

ಮೊದಲು ಯಾವ ನಡುಕ ಅಂತ ನೋಡಿ

ಪ್ರೊಪ್ರನೊಲಾಲ್ ಹುಟ್ಟಿದ್ದು ಹೃದಯಕ್ಕಾಗಿ. 1960ರ ದಶಕದಲ್ಲಿ ಜೇಮ್ಸ್ ಬ್ಲಾಕ್ ಎದೆನೋವಿನ ಔಷಧಿ ಹುಡುಕುತ್ತಾ ಇದನ್ನು ಕಂಡುಹಿಡಿದರು. 1988ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಜೀವಕೋಶದ ಮೇಲೆ ಅಡ್ರಿನಲಿನ್ ಬಂದು ಕೂರುವ ಜಾಗಗಳಾದ ಬೀಟಾ ರಿಸೆಪ್ಟರ್‌ಗಳನ್ನು ಇದು ಮುಚ್ಚುತ್ತೆ. ಬೀಟಾ-1 ಹೆಚ್ಚಾಗಿ ಹೃದಯದಲ್ಲಿ, ಬೀಟಾ-2 ಶ್ವಾಸನಾಳ ಮತ್ತು ಸ್ನಾಯುಗಳಲ್ಲಿ. ಪ್ರೊಪ್ರನೊಲಾಲ್ ಎರಡನ್ನೂ ಬಿಡಲ್ಲ. ಸ್ನಾಯುವಿನ ಬೀಟಾ-2 ಮುಚ್ಚೋದರಿಂದಲೇ ಎಸೆನ್ಷಿಯಲ್ ಟ್ರೆಮರ್‌ನಲ್ಲಿ (ಪಾರ್ಕಿನ್ಸನ್ ಅಲ್ಲದ, ಬೇರೆಯದೇ ಒಂದು ನಡುಕದ ಕಾಯಿಲೆ) ನಡುಕ ಇಳಿಯೋದಕ್ಕೆ ಮುಖ್ಯವಾಗಿ ಸಾಧ್ಯ ಆಗೋದು. ಅಲ್ಲಿ ಇದು ಪ್ರಿಮಿಡೋನ್ ಅನ್ನೋ ಇನ್ನೊಂದು ಮಾತ್ರೆಯ ಜೊತೆಗೆ ಮೊದಲ ಸಾಲಿನ ಔಷಧಿ.

ಎಸೆನ್ಷಿಯಲ್ ಟ್ರೆಮರ್ ಇರುವವರ ಕೈ ಕಾಫಿ ಲೋಟ ಎತ್ತುವಾಗ ನಡುಗುತ್ತೆ. ಸಾಮಾನ್ಯವಾಗಿ ಎರಡೂ ಕೈ. ಮನೆಯಲ್ಲಿ ಇನ್ಯಾರಿಗಾದರೂ ಇರುವುದೂ ಉಂಟು. ಪಾರ್ಕಿನ್ಸನ್‌ನಲ್ಲಿ ತಿರುಗಾಮುರುಗಾ. ಕೈ ತೊಡೆ ಮೇಲೆ ಸುಮ್ನೆ ಇದ್ದಾಗ, ಒಂದೇ ಕಡೆ ಶುರುವಾಗುತ್ತೆ. ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಉಜ್ಜಿದ ಹಾಗೆ, ಸೆಕೆಂಡಿಗೆ 4ರಿಂದ 6 ಸಲ. ನಿದ್ದೆಯಲ್ಲಿ ಇರಲ್ಲ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅಂದರೆ ಜಾಸ್ತಿಯಾಗುತ್ತೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯುವವರಲ್ಲಿ ಯಾರದಾದರೂ ಒಂದು ಕೈ ಬೀಸದೆ, ಬೆರಳು ಮಾತ್ರ ಅಲುಗುತ್ತಿದ್ದರೆ ಇದೇ ಇರಬಹುದು. (ಹಾಗಂತ ಅಪರಿಚಿತರಿಗೆ ಹೋಗಿ ಹೇಳಬೇಡಿ!)

ಇಲ್ಲೊಂದು ಬಲೆ ಇದೆ. ಪಾರ್ಕಿನ್ಸನ್ ಇರುವವರೂ ಪೇಪರ್ ಹಿಡಿದು ಓದುವಾಗ ಕೈ ನಡುಗುತ್ತೆ ಅಂತಾರೆ. ಗಮನಿಸಿ ನೋಡಿ. ಎರಡೂ ಕೈ ಮುಂದೆ ಚಾಚಿಸಿದರೆ ಮೊದಲ ಕೆಲವು ಸೆಕೆಂಡು ಏನೂ ಇರಲ್ಲ, ಆಮೇಲೆ ನಿಧಾನಕ್ಕೆ ಶುರುವಾಗುತ್ತೆ. ಎಸೆನ್ಷಿಯಲ್ ಟ್ರೆಮರ್ ಆದರೆ ಚಾಚಿದ ತಕ್ಷಣವೇ. ಆ ಕೆಲವು ಸೆಕೆಂಡು ಕಾಯದೆ ಹೆಸರಿಟ್ಟರೆ ಮಾತ್ರೆಯೂ ತಪ್ಪುತ್ತೆ.

ಪಾರ್ಕಿನ್ಸನ್‌ನ ಮೂಲ ತೊಂದರೆ ಮಿದುಳಿನಲ್ಲಿ ಡೋಪಮೈನ್ ಅನ್ನೋ ರಾಸಾಯನಿಕದ ಕೊರತೆ. ಹಾಗಾಗಿ ಮುಖ್ಯ ಔಷಧಿ, ಆ ಕೊರತೆ ತುಂಬುವ ಲೆವೊಡೋಪಾ. ಆದರೆ ಬಿಗಿತ, ನಿಧಾನಗತಿ ಸರಿಹೋದಷ್ಟು ನಡುಕ ಎಲ್ಲರಲ್ಲೂ ಸರಿಹೋಗಲ್ಲ. ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಅನ್ನೋ ಇನ್ನೊಂದು ಮಾತ್ರೆ ಇದೆ, ಆದರೆ ವಯಸ್ಸಾದವರಲ್ಲಿ ಮರೆವು, ಗೊಂದಲ, ಮಲಬದ್ಧತೆ, ಮೂತ್ರ ಕಟ್ಟೋದು ಅಂತ ಅದರದೇ ಕಾಟ. ಆಗ ಕೆಲವು ವೈದ್ಯರು ಪ್ರೊಪ್ರನೊಲಾಲ್ ಕಡೆ ನೋಡುತ್ತಾರೆ. ಅದರಲ್ಲೂ ಬ್ಯಾಂಕಿನಲ್ಲಿ ಸಹಿ ಹಾಕುವಾಗ, ಮದುವೆ ಊಟದ ಸಾಲಿನಲ್ಲಿ ಕೂತಾಗ, ಅಂದರೆ ನಾಲ್ಕು ಜನ ನೋಡುತ್ತಾರೆ ಅನ್ನೋ ಆತಂಕದಲ್ಲಿ ನಡುಕ ಜಾಸ್ತಿ ಆಗುವವರಿಗೆ.

ಪುರಾವೆ ಎಷ್ಟಿದೆ? ಕಡಿಮೆ. ಔಷಧಿ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2003ರ ವಿಮರ್ಶೆಗೆ ಸಿಕ್ಕಿದ್ದು 4 ಪ್ರಯೋಗ, ಒಟ್ಟು 72 ರೋಗಿಗಳು. ಅಷ್ಟರಿಂದ ಹೌದು ಅಂತಲೂ ಇಲ್ಲ ಅಂತಲೂ ಹೇಳೋಕಾಗಲ್ಲ ಅಂತ ಅವರು ಬರೆದರು. ಇತ್ತೀಚೆಗೆ ನೆದರ್‌ಲೆಂಡ್ಸ್‌ನಲ್ಲಿ ಒಂದೇ ಡೋಸ್ ಕೊಟ್ಟು ನೋಡಿದಾಗ ನಡುಕ ಇಳಿದಿದ್ದು ಕಂಡಿದೆ. ಆದರೆ ಒಂದು ಡೋಸಿಗೆ ಇಳಿಯೋದು ಬೇರೆ, ತಿಂಗಳುಗಟ್ಟಲೆ ನುಂಗಿ ತೊಂದರೆ ಇಲ್ಲದೆ ಇರೋದು ಬೇರೆ.

ನಿಂತಾಗಿನ ಬಿಪಿ

ನನ್ನ ಪ್ರಕಾರ ನಿಜವಾಗಿ ಹೆದರಬೇಕಾದ್ದು ಇಲ್ಲಿ. ನಾವು ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತೆ. ತಕ್ಷಣ ನರಗಳು ರಕ್ತನಾಳ ಬಿಗಿ ಮಾಡುತ್ತವೆ, ಹೃದಯ ವೇಗ ಹೆಚ್ಚಿಸುತ್ತೆ. ಪಾರ್ಕಿನ್ಸನ್ ಮಿದುಳಿನಲ್ಲಷ್ಟೇ ನಿಲ್ಲಲ್ಲ. ಅನೇಕರಲ್ಲಿ ಹೃದಯಕ್ಕೆ ಹೋಗುವ, ಅದರ ವೇಗ ಹೆಚ್ಚಿಸುವ ಸಿಂಪಥೆಟಿಕ್ ನರದ ತುದಿಗಳೂ ಸಾಯುತ್ತವೆ. ಲೆವೊಡೋಪಾ ಬಿಪಿಯನ್ನು ಇನ್ನಷ್ಟು ಇಳಿಸುತ್ತೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ, ಬಿಪಿಯನ್ನೂ ಇಳಿಸಬಲ್ಲ ಟ್ಯಾಮ್ಸುಲೋಸಿನ್ ಬೇರೆ ಇದ್ದರೆ ಕೇಳೋದೇ ಬೇಡ. ಇದರ ಮೇಲೆ ಬೀಟಾ ಬ್ಲಾಕರ್ ಕೊಟ್ಟು, ಹೃದಯಕ್ಕೆ ಉಳಿದಿದ್ದ ಅಷ್ಟಿಷ್ಟು ವೇಗವನ್ನೂ ಕಟ್ಟಿಹಾಕಿದರೆ?

ಮಳವಳ್ಳಿ ಕಡೆಯ 68 ವರ್ಷದ ರೈತರೊಬ್ಬರು ಅಂದುಕೊಳ್ಳಿ. 5 ನಿಮಿಷ ಮಲಗಿಸಿ ನೋಡಿದರೆ ಬಿಪಿ 142/84, ನಾಡಿ 76. ಎದ್ದು ನಿಂತು 3 ನಿಮಿಷಕ್ಕೆ ಬಿಪಿ 112/70, ನಾಡಿ 79. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ನಿಂತಾಗಿನ ಬಿಪಿ ಕುಸಿತ ಅಂತಾರೆ. ಇಲ್ಲಿ 30 ಇಳಿದಿದೆ. ಆದರೆ ನಾಡಿ ನೋಡಿ, ಏರಿದ್ದು ಬರೀ 3. ನೀರು ಕಡಿಮೆಯಾಗಿ ಬಿಪಿ ಬಿದ್ದಿದ್ದರೆ ನಾಡಿ ಚೆನ್ನಾಗಿ ಏರಬೇಕಿತ್ತು. ಏರಿಲ್ಲ ಅಂದರೆ ನರವೇ ಕೈಕೊಟ್ಟಿದೆ ಅನ್ನೋ ಸುಳಿವು. ಇವರನ್ನು ಕುರ್ಚಿಯಲ್ಲಿ ಕೂರಿಸಿ ಒಂದೇ ಸಲ ಬಿಪಿ ನೋಡಿದ್ದರೆ ‘ಬಿಪಿ ಸ್ವಲ್ಪ ಜಾಸ್ತಿ, ನಡುಕವೂ ಇದೆ, ಪ್ರೊಪ್ರನೊಲಾಲ್ ಎರಡಕ್ಕೂ ಆಗುತ್ತೆ’ ಅಂತ ಚೀಟಿ ಬರೆಯೋ ಸಾಧ್ಯತೆ ಇತ್ತು. ಹೊಟ್ಟೆ ತುಂಬಾ ಮುದ್ದೆ ಉಂಡ ಮೇಲೆ, ಬೇಸಿಗೆಯಲ್ಲಿ ಕಬ್ಬಿನ ಗದ್ದೆಯಲ್ಲಿ ನಿಂತಾಗ, ರಾತ್ರಿ ಮೂತ್ರಕ್ಕೆ ಎದ್ದಾಗ ಇವರ ಬಿಪಿ ಇನ್ನೂ ಬೀಳಬಹುದು. ಬಿದ್ದು ಸೊಂಟದ ಮೂಳೆ ಮುರಿದರೆ ನಡುಕದ ಮಾತು ಯಾರಿಗೆ ಬೇಕು?

ಮಾತ್ರೆಯಿಂದಲೇ ಕಾಯಿಲೆ ಬರುತ್ತಾ?

ಈ ಸುದ್ದಿ ಹುಟ್ಟಿದ್ದು 2017ರಲ್ಲಿ. ಸೈನ್ಸ್ ಪತ್ರಿಕೆಯ ಒಂದು ಅಧ್ಯಯನ, ಬೀಟಾ-2 ರಿಸೆಪ್ಟರ್‌ಗೂ ಆಲ್ಫಾ ಸಿನ್ಯೂಕ್ಲಿನ್ ಜೀನ್‌ಗೂ ನಂಟಿದೆ ಅಂತ ಲ್ಯಾಬಿನಲ್ಲಿ ತೋರಿಸಿತು. ಪಾರ್ಕಿನ್ಸನ್‌ನಲ್ಲಿ ನರಕೋಶದೊಳಗೆ ಗಂಟುಕಟ್ಟುವ ಪ್ರೋಟೀನ್ ಅದೇ. ಜೊತೆಗೆ ನಾರ್ವೆಯ ಸುಮಾರು 40 ಲಕ್ಷ ಜನರ 11 ವರ್ಷದ ಔಷಧಿ ದಾಖಲೆ ನೋಡಿದರು. ಬೀಟಾ-2 ರಿಸೆಪ್ಟರ್ ಅನ್ನು ಮುಚ್ಚದೆ ಪ್ರಚೋದಿಸುವ, ಆಸ್ತಮಾದ ಸಾಲ್ಬುಟಮಾಲ್ ಬಳಸಿದವರಲ್ಲಿ ಪಾರ್ಕಿನ್ಸನ್ ಕಡಿಮೆ, ಪ್ರೊಪ್ರನೊಲಾಲ್ ಬಳಸಿದವರಲ್ಲಿ ಜಾಸ್ತಿ.

ಈಗ ಒಬ್ಬ ರೋಗಿಯ ಕಥೆಯನ್ನು ತಾರೀಖಿನ ಪ್ರಕಾರ ಜೋಡಿಸಿ. 2011ರಲ್ಲಿ ಹೆಬ್ಬೆರಳು ಸ್ವಲ್ಪ ನಡುಗಿತು. ಏನು ಅಂತ ಸ್ಪಷ್ಟ ಇರಲಿಲ್ಲ, ಪ್ರೊಪ್ರನೊಲಾಲ್ ಕೊಟ್ಟರು. 2012ರಲ್ಲಿ ನಡಿಗೆ ನಿಧಾನವಾಯಿತು, ಪಾರ್ಕಿನ್ಸನ್ ಅಂತ ಗೊತ್ತಾಯಿತು. ದಾಖಲೆಯಲ್ಲಿ ಹೆಬ್ಬೆರಳಿನ ನಡುಕ ಕಾಣಲ್ಲ. ಮೊದಲು ಮಾತ್ರೆ, ಆಮೇಲೆ ಕಾಯಿಲೆ, ಅಷ್ಟೇ ಕಾಣುತ್ತೆ. ನಿಜದಲ್ಲಿ ಕಾಯಿಲೆ ಮೊದಲು, ಅದರ ನಡುಕಕ್ಕೆ ಮಾತ್ರೆ ಆಮೇಲೆ. 2019ರಲ್ಲಿ ಡೆನ್ಮಾರ್ಕ್‌ನ ದಾಖಲೆ ನೋಡಿದವರಿಗೆ ಸಿಕ್ಕಿದ್ದೂ ಇಂಥದೇ ಸುಳಿವು. ಈ ನಂಟು ಇದ್ದದ್ದು ಸ್ವಲ್ಪ ಕಾಲ ಮಾತ್ರೆ ತಗೊಂಡವರಲ್ಲಿ ಮಾತ್ರ. ಮಾತ್ರೆಯೇ ಕಾರಣವಾಗಿದ್ದರೆ ವರ್ಷಗಟ್ಟಲೆ ತಗೊಂಡವರಲ್ಲಿ ಜಾಸ್ತಿ ಇರಬೇಕಿತ್ತು, ಅಲ್ವಾ?

ಸಾಲ್ಬುಟಮಾಲ್ ಕಥೆಯೂ ಹೀಗೇ. ಬೀಡಿ, ಸಿಗರೇಟು ಸೇದುವವರಲ್ಲಿ ಪಾರ್ಕಿನ್ಸನ್ ಕಡಿಮೆ ಅನ್ನೋದು ಹಳೆಯ ಗಮನಿಕೆ. ಸೇದಿ ಶ್ವಾಸಕೋಶ ಕೆಟ್ಟವರೇ ಇನ್‌ಹೇಲರ್ ಜಾಸ್ತಿ ಬಳಸೋದು. ಹೆಸರು ಬಂದದ್ದು ಇನ್‌ಹೇಲರ್‌ಗೆ.

ಆದ್ದರಿಂದ ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ತಗೊಳ್ಳುತ್ತಿರುವವರು ಈ ಸುದ್ದಿ ಕೇಳಿ ಮಾತ್ರೆ ಬಿಟ್ಟರೆ ಅನಾಹುತ. ಬೀಟಾ ಬ್ಲಾಕರ್ ದಿಢೀರ್ ನಿಲ್ಲಿಸಿದರೆ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು. ನಿಲ್ಲಿಸಲೇಬೇಕಾದರೆ ವೈದ್ಯರು ಹಂತ ಹಂತವಾಗಿ ಇಳಿಸುತ್ತಾರೆ.

ಕೌಂಟರ್‌ನಲ್ಲಿ ಕೇಳಬೇಕಾದವು

ಆಸ್ತಮಾ ಇದೆಯಾ? ಇದ್ದರೆ ಪ್ರೊಪ್ರನೊಲಾಲ್ ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುತ್ತಾರಾ? ಶುಗರ್ ಕೆಳಗಿಳಿದಾಗ ಬರುವ ನಡುಕ, ಎದೆಬಡಿತವನ್ನು ಇದು ಮುಚ್ಚಿಹಾಕುತ್ತೆ, ಬೆವರು ಮಾತ್ರ ಉಳಿಯುತ್ತೆ. ಕೆಟ್ಟ ಕನಸು, ಸುಸ್ತು? ಪ್ರೊಪ್ರನೊಲಾಲ್ ಕೊಬ್ಬಿನಲ್ಲಿ ಕರಗುವಂಥದ್ದು, ಮಿದುಳಿಗೆ ಸುಲಭವಾಗಿ ಹೋಗುತ್ತೆ. ಪಾರ್ಕಿನ್ಸನ್‌ನಲ್ಲಿ ನಿದ್ದೆಯ ಗಲಾಟೆ ಮೊದಲೇ ಇರುತ್ತೆ, ಯಾವುದು ಯಾವುದರಿಂದ ಅಂತ ಬಿಡಿಸೋದು ಕಷ್ಟ. ತಲೆಸುತ್ತಿಗೆ ಅಂತ ಸಿನ್ನರಿಜಿನ್ ನಡೆಯುತ್ತಿದೆಯಾ? ಅದೇ ಪಾರ್ಕಿನ್ಸನ್ ಥರದ ಲಕ್ಷಣ ತರಬಲ್ಲದು. ನಡುಕಕ್ಕೆ ಹೊಸ ಮಾತ್ರೆ ಸೇರಿಸುವ ಮುಂಚೆ ವೈದ್ಯರಿಗೆ ಇದು ಗೊತ್ತಾಗಬೇಕು.

ಕೊನೆಗೆ ಕಣ್ಣಿನ ಹನಿ. ಗ್ಲೋಕೋಮಾಗೆ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಹಾಕುವ ಟಿಮೊಲಾಲ್ ಕೂಡ ಬೀಟಾ ಬ್ಲಾಕರ್. ಹನಿ ಮೂಗಿಗೆ ಇಳಿದು ನೇರ ರಕ್ತಕ್ಕೆ ಸೇರುತ್ತೆ, ನಾಡಿಯನ್ನು ನಿಧಾನ ಮಾಡುತ್ತೆ. ‘ಬೇರೆ ಏನು ಔಷಧಿ ತಗೋತೀರಿ’ ಅಂದರೆ ಹಿರಿಯರು ಇದನ್ನು ಹೇಳಲ್ಲ, ಹನಿಯನ್ನು ಅವರು ಔಷಧಿ ಲೆಕ್ಕಕ್ಕೇ ಇಟ್ಟಿರಲ್ಲ. ‘ಕಣ್ಣಿಗೆ ಏನಾದರೂ ಹಾಕ್ತೀರಾ’ ಅಂತಲೇ ಕೇಳಿ. ಹಾಕುತ್ತಿದ್ದರೆ ಬಾಟಲಿ ತರಿಸಿ ಹೆಸರು ನೋಡಿ.