ತಪ್ಪು ಬರಿಯೋ ರಿಜಿಸ್ಟರ್ ತುಂಬಿದ್ರ ಟೀಮ್ ಕೆಟ್ಟದ ಅಂತಲ್ಲ: ಸ್ಟಾಫ್ ಮೊರೇಲ್ ಯೂನಿಟ್ಟಿನ ಟಿಪ್ಪಣಿ

ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಪೇಪರ್‌ನಾಗ ಸ್ಟಾಫ್ ಮೊರೇಲ್ (ಕೆಲಸದವ್ರ ಮನೋಬಲ), ಟೀಮ್‌ವರ್ಕ್ ಯೂನಿಟ್ ನಿನ್ನೆ ಮುಗಿಸ್ದೆ. ನನ್ನಂಗ ನೈಟ್ ಡ್ಯೂಟಿ ಮಾಡ್ಕೊಂಡು ಓದೋ ಸಿಸ್ಟರ್ಸು, ಬ್ರದರ್ಸು ನಮ್ಮ ಬ್ಯಾಚಿನ್ಯಾಗ ಭಾಳ ಮಂದಿ ಇದೀರಿ, ಅದಕ್ಕ ಮರಿಯೋದ್ರೊಳಗ ಬರದಿಡಾಕತ್ತೀನಿ. ಮಾಸ್ಲೋ ಪಿರಮಿಡ್ಡು (ಮನುಷ್ಯನ ಅಗತ್ಯಗಳ ಮೆಟ್ಟಿಲು) ಎಲ್ಲಾರಿಗೂ ಬರ್ತದ, ಬಿಟ್ಟೀನಿ.

ಹರ್ಜ್‌ಬರ್ಗ್, 1959

ಮಂದಿಗೆ ಕೆಲಸದಾಗ ಹುರುಪು ಎಲ್ಲಿಂದ ಬರ್ತದ ಅಂತ ಹೇಳಿದ ಮನಶ್ಶಾಸ್ತ್ರಜ್ಞ ಇವ್ರು. ಎರಡು ಪಟ್ಟಿ ನೆನಪಿಟ್ಕೊಳ್ರಿ ಸಾಕು. ಪಗಾರ, ಡ್ಯೂಟಿ ಚಾರ್ಟ್, ಕುಂದ್ರಾಕ ಒಂದು ರೂಮು, ಮ್ಯಾಲಿನವ್ರ ಮಾತಿನ ರೀತಿ, ಇವು ಸರಿ ಇಲ್ಲಂದ್ರ ಮಂದಿ ಬ್ಯಾಸರ ಆಗ್ತಾರ, ಸರಿ ಇದ್ರ ಬ್ಯಾಸರ ಹೋಗ್ತದ, ಅಷ್ಟ, ಹುರುಪು ಬರಂಗಿಲ್ಲ. ಹುರುಪು ಬರೋದು ಇನ್ನೊಂದು ಪಟ್ಟಿಯಿಂದ: ಜವಾಬ್ದಾರಿ ಕೊಡೋದು, ಮಾಡಿದ ಕೆಲಸ ಗುರುತಿಸೋದು, ಹೊಸದು ಕಲಿಸೋದು. ಹಿಂಗಾಗಿ ಪಗಾರ ತಿಂಗಳಾನುಗಟ್ಲೆ ತಡ ಆಗೋ ಕಡೆ ನರ್ಸಸ್ ಡೇಕ್ಕ ಶಾಲು ಹೊದಿಸಿ ಕೇಕ್ ಕಟ್ ಮಾಡಿದ್ರ ಮೊರೇಲ್ ಏಳಂಗಿಲ್ಲ. ಮೊದಲ ಪಟ್ಟಿ ಮೊದಲು ಸರಿ ಆಗ್ಬೇಕು.

ಬರ್ನೌಟ್

ಬರ್ನೌಟ್ ಅಂದ್ರ ಕೆಲಸದ ಒತ್ತಡಕ್ಕ ಮನಸ್ಸು ಸುಟ್ಟು ಹೋದಂಗಾಗೋದು. ಮಾಸ್ಲಾಕ್ ಮತ್ತ ಜ್ಯಾಕ್ಸನ್ ಅನ್ನೋ ಸಂಶೋಧಕಿಯರು, 1981. ಮೂರು ಲಕ್ಷಣ: ಮನಸ್ಸು ಪೂರ್ತಿ ದಣಿಯೋದು, ರೋಗಿಗೆ ಹೆಸರು ಹೋಗಿ ಬರೇ "ಮೂರನೇ ಬೆಡ್ಡು" ಆಗೋದು, ನಾನು ಮಾಡಿದ್ರಿಂದ ಏನೂ ಆಗಂಗಿಲ್ಲ ಅನ್ಸೋದು. 2019ರಾಗ ಡಬ್ಲ್ಯುಎಚ್ಒ (ವಿಶ್ವ ಆರೋಗ್ಯ ಸಂಸ್ಥೆ) ಇದನ್ನ ಕೆಲಸಕ್ಕ ಸಂಬಂಧಪಟ್ಟ ಸ್ಥಿತಿ ಅಂತ ಹೇಳ್ತು, ರೋಗ ಅಂತಲ್ಲ. ಒಂದು ಮಾರ್ಕಿನ ಪ್ರಶ್ನಿ ಇಲ್ಲಿಂದ ಬರಬಹುದು.

ನಾನು ಸಿಕ್ಕೊಂಡಿದ್ದು ಇಲ್ಲಿ

ಏಮಿ ಎಡ್ಮಂಡ್ಸನ್ ಅಂತ ಸಂಶೋಧಕಿ ಆಸ್ಪತ್ರಿ ವಾರ್ಡ್‌ಗಳೊಳಗ ಔಷಧ ಕೊಡೋದ್ರಾಗ ಆಗೋ ತಪ್ಪುಗಳ ಮ್ಯಾಲ ಅಧ್ಯಯನ ಮಾಡಿದ್ರು, 1996ರಾಗ ಬಂತು. ಒಳ್ಳೆ ಟೀಮ್ ಇರೋ ವಾರ್ಡಿನ್ಯಾಗ ತಪ್ಪು ಕಮ್ಮಿ ಇರ್ತಾವ ಅಂತ ಅವ್ರು ಅನ್ಕೊಂಡಿದ್ರು, ಆದ್ರ ಲೆಕ್ಕ ಉಲ್ಟಾ ಬಂತು, ಒಳ್ಳೆ ಟೀಮಿನ ಕಡೇನ ತಪ್ಪು ಜಾಸ್ತಿ. ಇದನ್ನ ಓದಿ ಪ್ರಿಂಟಿನ ತಪ್ಪು ಇರ್ಬೇಕು ಅಂತ ನಾನು ಮೂರು ಸಲ ಅದ ಪೇಜ್ ಓದೀನಿ. ಆಮ್ಯಾಲ ತಿಳೀತು, ಅಲ್ಲಿ ಎಣಿಸಿದ್ದು ಆದ ತಪ್ಪು ಅಲ್ಲ, ಹೊರಗ ಬಂದ ತಪ್ಪು. ಈ ರಿಸಲ್ಟು ಗೊತ್ತಿಲ್ಲದ ಇನ್ನೊಬ್ರನ್ನ ವಾರ್ಡಿಗೆ ಕಳಿಸಿ ನೋಡಿದ್ರ, ಮಂದಿ ಎಲ್ಲಿ ಬಾಯಿ ಬಿಚ್ಚಿ ಮಾತಾಡ್ತಿದ್ರೋ ಅಲ್ಲೇ ತಪ್ಪು ಜಾಸ್ತಿ ಹೊರಗ ಬರ್ತಿದ್ವು. 1999ರಾಗ ಒಂದು ಕಂಪನಿಯ 51 ಟೀಮ್ ನೋಡಿ ಇದನ್ನ ಮಾನಸಿಕ ಸುರಕ್ಷತೆ (ಅಂಜಿಕಿ ಇಲ್ಲದ ಮಾತಾಡೋ ವಾತಾವರಣ) ಅನ್ನೋ ಹೆಸರಿನ್ಯಾಗ ಬರದ್ರು.

ಇಷ್ಟಾದ್ರೂ ನನ್ನ ತಲಿಗೆ ಪೂರಾ ಇಳೀಲಿಲ್ಲ, ಅದಕ್ಕ ನಾನೇ ಒಂದು ಲೆಕ್ಕ ಮಾಡ್ಕೊಂಡೆ (ಅಂಕಿ ಎಲ್ಲ ತಿಳ್ಕೊಳ್ಳಾಕ ಹಾಕಿದ್ದು):

ರಿಜಿಸ್ಟರ್‌ನಾಗ ಕಾಣೋದು = ಆದ ತಪ್ಪು × ಹೇಳೋ ಧೈರ್ಯ (10 ತಪ್ಪಿನ್ಯಾಗ 9 ಹೇಳಿದ್ರ ಧೈರ್ಯ 0.9)

ಎ ವಾರ್ಡ್ 10 × 0.9 = 9. ಬಿ ವಾರ್ಡ್ 20 × 0.2 = 4. ರಿಜಿಸ್ಟರ್ ಅಷ್ಟ ನೋಡಿದವ್ರಿಗೆ ಬಿ ವಾರ್ಡೇ ಚಲೋ ಕಾಣ್ತದ, ಖರೇ ನೋಡಿದ್ರ ಅಲ್ಲಿ ಎರಡು ಪಟ್ಟು ತಪ್ಪು ಆಗ್ಯಾವ. ಈಗ ಬಿ ವಾರ್ಡಿಗೆ ಹೊಸ ಇನ್‌ಚಾರ್ಜ್ ಬಂದು ಸುಧಾರಣೆ ಶುರು ಮಾಡ್ತಾರ ಅನ್ಕೊಳ್ರಿ. ಮೂರು ತಿಂಗಳಿಗೆ ತಪ್ಪು 20ರಿಂದ 15ಕ್ಕ ಇಳೀತು, ಧೈರ್ಯ 0.6 ಆತು. 15 × 0.6 = 9. ನಾಲ್ಕು ಇದ್ದದ್ದು ಒಂಬತ್ತು! ಇಲ್ಲೇ ಡಾಕ್ಟ್ರು ಸಿಟ್ಟಾಗಿ ಎಲ್ಲಾರನ್ನೂ ಚೇಂಬರಿಗೆ ಕರದು ಬೈದ್ರಂದ್ರ ಧೈರ್ಯ ಮತ್ತ 0.2 ಆಗ್ತದ, ಮುಂದಿನ ತಿಂಗಳು 15 × 0.2 = 3, ಬೈದಿದ್ದಕ್ಕ ಸುಧಾರ್ಸಿತು ಅಂತ ಅನ್ಕೋತಾರ. ಕೆಟ್ಟ ಟೀಮ್ ಸುಧಾರ್ಸೋವಾಗ ಇದ ಜಾಗದಾಗ ಎಲ್ಲಾ ಹಾಳಾಗ್ತದ ಅಂತ ನನಗ ಗಟ್ಟಿಯಾಗಿ ಅನ್ಸ್ಯಾದ.

ಇದನ್ನ ನಾನು ಕಣ್ಣಾರೆ ನೋಡೀನಿ. ಮೊದಲು ಕೆಲಸ ಮಾಡ್ತಿದ್ದ ಒಂದು ನರ್ಸಿಂಗ್ ಹೋಂ, ರಾಯಚೂರಾಗೇ, ಮಾನ್ವಿ ದೇವದುರ್ಗದಿಂದ ಬರೋ ಪೇಷೆಂಟ್ಸೇ ಜಾಸ್ತಿ. ಇನ್ಸುಲಿನ್ ಟ್ರೇನಾಗ ಕೆಂಪು ಕ್ಯಾಪಿಂದು, ಕೇಸರಿ ಕ್ಯಾಪಿಂದು ಎರಡೂ ಸಿರಿಂಜ್ ಕೂಡಿ ಬಿದ್ದಿರ್ತಿದ್ವು. ಕೆಂಪಂದ್ರ 40ರ (ಒಂದು ಎಂಎಲ್‌ನಾಗ 40 ಯೂನಿಟ್ ಇರೋ) ಇನ್ಸುಲಿನ್‌ಗೆ, ಕೇಸರಿ ಅಂದ್ರ 100ರದಕ್ಕ. 100ರ ಬಾಟ್ಲಿಯಿಂದ ಕೆಂಪು ಕ್ಯಾಪಿನ ಸಿರಿಂಜಿನ್ಯಾಗ 10ರ ಗೆರಿಗೆ ಎಳದ್ರ ಹೋಗೋದು 10 ಯೂನಿಟ್ ಅಲ್ಲ, 25 ಯೂನಿಟ್, ಶುಗರ್ ದಪ್ಪಂತ ಬಿದ್ದು ಪೇಷೆಂಟ್ ಎಚ್ಚರ ತಪ್ಪಬಹುದು. ಹೊಸದಾಗಿ ಬಂದಿದ್ದ ಒಬ್ಬ ಸಿಸ್ಟರ್ ಎಳದು, ಚುಚ್ಚೋ ಮುಂಚೆ ಕ್ಯಾಪಿನ ಬಣ್ಣ ನೋಡಿ ಗಾಬರಿಯಾಗಿ ಸಿರಿಂಜ್ ಬಿಸಾಕಿದ್ಳು. ಯಾರಿಗೂ ಹೇಳ್ಲಿಲ್ಲ. ಎರಡು ದಿನ ಆದ್ಮ್ಯಾಲ ಕ್ಯಾಂಟೀನಿನ್ಯಾಗ ಮಂಡಾಳ ಒಗ್ಗರಣಿ ತಿನ್ನೋವಾಗ ನನ್ನ ಕಿವಿಯಾಗ ಹೇಳಿದ್ಳು, "ಅಕ್ಕಾ, ಯಾರ ಮುಂದೂ ಹೇಳ್ಬ್ಯಾಡ್ರಿ, ಹೋದ ತಿಂಗಳು ಆ ಬ್ರದರ್‌ಗೆ ಪೇಷೆಂಟ್ ಕಡೇವ್ರ ಮುಂದೇ ಬೈದು ಪಗಾರ ಕಟ್ ಮಾಡ್ಯಾರ." ನಾನೂ ಹೇಳ್ಲಿಲ್ಲ. ಟ್ರೇ ಹಂಗೇ ಇತ್ತು. ಆ ತಿಂಗಳ ರಿಜಿಸ್ಟರ್ ಪೂರಾ ಖಾಲಿ. ಅದು ನನಗ ಇವತ್ತಿಗೂ ಚುಚ್ತದ.

ಒಂದು ಎಚ್ಚರ: ಸಂಖ್ಯೆ ಏರಿದ್ದೆಲ್ಲಾ ಒಳ್ಳೇದು ಅಂತ ಬರೀಬ್ಯಾಡ್ರಿ. ಒಳಗ ಯಾವ ತರದ್ದು ಏರ್ಯಾವ ಅಂತ ನೋಡ್ಬೇಕು. ಪೇಷೆಂಟಿಗೆ ಮುಟ್ಟೋ ಮುಂಚೇನ ಹಿಡಿದ ತಪ್ಪು ಏರಿ, ಪೇಷೆಂಟಿಗೆ ಪೆಟ್ಟು ಮಾಡಿದ್ದು ಇಳದಿದ್ರ ಸುಧಾರಣೆ. ಎರಡೂ ಏರಿದ್ರ ಖರೇನ ಸಮಸ್ಯೆ ಅದ.

ಟಕ್ಮನ್, 1965

ಟೀಮ್ ಬೆಳಿಯೋ ಹಂತ ನಾಲ್ಕು ಅಂದ್ರು: ಕೂಡೋದು, ಕಚ್ಚಾಡೋದು, ಹೊಂದ್ಕೊಳ್ಳೋದು, ಕೆಲಸ ಮಾಡೋದು. ಐದನೇದು, ಚದುರೋದು, 1977ರಾಗ ಸೇರ್ಸಿದ್ರು. ಮ್ಯಾಲಿನ ಲೆಕ್ಕ ತಿಳದವ್ರಿಗೆ ಎರಡನೇ ಹಂತ ತಾನಾಗೇ ತಿಳೀತದ, ಬಾಯಿ ಮುಚ್ಕೊಂಡಿದ್ದವ್ರು ಮಾತಾಡಾಕ ಶುರು ಮಾಡಿದ್ರ ಮೊದಲು ಬರೋದು ಜಗಳನ.

ನಾನು ಹಿಡ್ಕೊಂಡ ಒಂದು ಅಡ್ಡದಾರಿ

ಕೇಸ್ ಸ್ಟಡಿ ಪ್ರಶ್ನಿ ಬಂದ್ರ "ಯಾರು ಮಾಡಿದ್ರು" ಅನ್ನೋ ಕಡೆಯೆಲ್ಲಾ "ಹೆಂಗಾತು" ಅಂತ ಹಾಕಿ ಓದ್ರಿ, ಉತ್ತರ ಅಲ್ಲೇ ಸಿಗ್ತದ. ಯಾರು ಅಂದ್ರ ಆ ಸಿಸ್ಟರ್. ಹೆಂಗ ಅಂದ್ರ ಎರಡು ಬಣ್ಣದ ಸಿರಿಂಜ್ ಒಂದೇ ಟ್ರೇನಾಗ, ರಾತ್ರಿ ಹೊತ್ತು, ಹೊಸಬಳು ಒಬ್ಬಾಕೇನ ಡ್ಯೂಟಿ ಮ್ಯಾಲ.

ಡಬ್ಲ್ಯುಎಚ್ಒ ಸರ್ಜರಿ ಚೆಕ್‌ಲಿಸ್ಟ್ (2008) ಇಲ್ಲೇ ಸೇರ್ಸ್ರಿ, 19 ಅಂಶ. ಕೊಯ್ಯೋ ಮುಂಚೆ ಥಿಯೇಟರಿನ್ಯಾಗ ಇರೋ ಪ್ರತಿಯೊಬ್ರೂ ಹೆಸರು, ತಮ್ಮ ಕೆಲಸ ಹೇಳ್ಬೇಕು. 2009ರಾಗ ಬಂದ ಅಧ್ಯಯನದಾಗ ದೆಹಲಿ ಸೇರಿ 8 ಊರಿನ ಆಸ್ಪತ್ರಿಗಳೊಳಗ ಸಾವು 1.5%ರಿಂದ 0.8%ಕ್ಕ, ತೊಂದರಿ 11%ರಿಂದ 7%ಕ್ಕ ಇಳದಿತ್ತು. ಒಮ್ಮೆ ಹೆಸರು ಹೇಳಿ ಬಾಯಿ ಬಿಚ್ಚಿದವ್ರಿಗೆ ಎರಡನೇ ಸಲ "ಸರ್, ತಡೀರಿ" ಅನ್ನೋದು ಹಗುರಾಗ್ತದ ಅಂತ ನಾನು ತಿಳ್ಕೊಂಡೀನಿ.

ಸಣ್ಣ ಆಸ್ಪತ್ರಿಗೆ ಏನು ಮಾಡ್ತೀರಿ ಅಂತ ಕೇಳಿದ್ರ ನಾನು ಬರಿಯೋದು ಇದು: ಬೆಳಿಗ್ಗಿ ಡ್ಯೂಟಿ ಬದಲಾಗೋವಾಗ ಐದು ನಿಮಿಷ ಎಲ್ಲಾರೂ ನಿಂತು ಮಾತಾಡೋದು, ಆಯಾ, ವಾರ್ಡ್ ಬಾಯ್, ಕ್ಯಾಶ್ ಕೌಂಟರಿನವ್ರು ಸೇರಿ. ಡಾಕ್ಟ್ರೇ ಮೊದಲು ತಮ್ಮದೊಂದು ತಪ್ಪು ಹೇಳ್ಬೇಕು. ಹೇಳಿದವ್ರಿಗೆ ಅವತ್ತೇ ಥ್ಯಾಂಕ್ಸ್, ಮತ್ತ ಹೇಳಿದ್ದು ಒಂದು ವಾರದೊಳಗ ಸರಿ ಆಗಿದ್ದು ಅವ್ರ ಕಣ್ಣಿಗೆ ಕಾಣ್ಬೇಕು: ಕೆಂಪು ಕ್ಯಾಪಿಂದು ಒಂದು ಟ್ರೇ, ಕೇಸರಿದು ಇನ್ನೊಂದು ಟ್ರೇ.